ಮೆಮೋರಿಯಲ್ ಡೇ ರಜೆಗೆ ಯೂಟಾ: ಎರಡು ಉದ್ಯಾನಗಳು ಸಾಕು

ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ ರಜೆ ಸೇರಿದ ನಾಲ್ಕು ದಿನಗಳಲ್ಲಿ ಲಾಸ್ ವೇಗಸ್‌ನಿಂದ ಹೊರಟು ಝಯಾನ್, ಬ್ರೈಸ್, ಆರ್ಚಸ್, ಮಾನ್ಯುಮೆಂಟ್ ವ್ಯಾಲಿ, ಆಂಟಲೋಪ್, ಗ್ರ್ಯಾಂಡ್ ಕ್ಯಾನ್ಯನ್ ಎಲ್ಲವನ್ನೂ ಮುಗಿಸಿ ಮರಳಬಹುದೇ, ಊರಿನಿಂದ ಬಂದಿರುವ ಎಪ್ಪತ್ತು ದಾಟಿದ ತಂದೆ-ತಾಯಿ ಜೊತೆಗಿದ್ದಾರೆ ಎಂದು ಕೇಳಿದ್ದೀರಿ. ಆ ಸುತ್ತು ಸುಮಾರು 1,200 ಮೈಲಿ. ಹಾಗೆ ಹೋದರೆ ಅವರು ಅಷ್ಟು ದೂರದಿಂದ ಬಂದು ಕಾರಿನ ಕಿಟಕಿಯನ್ನಷ್ಟೇ ನೋಡುತ್ತಾರೆ. ದಯವಿಟ್ಟು ಝಯಾನ್ ಮತ್ತು ಬ್ರೈಸ್ ಎರಡನ್ನೇ ಇಟ್ಟುಕೊಳ್ಳಿ. ಆರ್ಚಸ್ ಕಡೆಗೆ ಇನ್ನೊಮ್ಮೆ ಬೇರೆಯಾಗಿಯೇ ಹೋಗಿ.

ಶುಕ್ರವಾರ ಝಯಾನ್ ದ್ವಾರದ ಪಕ್ಕದ ಊರಾದ ಸ್ಪ್ರಿಂಗ್‌ಡೇಲ್ ತಲುಪಿ, ಅಲ್ಲಿಯೇ ಎರಡು ರಾತ್ರಿ ತಂಗಿ. ವೇಗಸ್‌ನಿಂದ ಮೂರು ಗಂಟೆಯೊಳಗಿನ ದಾರಿ, ಆದರೆ ಯೂಟಾದ ಗಡಿಯಾರ ಒಂದು ಗಂಟೆ ಮುಂದಿದೆ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಸ್ಪ್ರಿಂಗ್‌ಡೇಲ್‌ನಲ್ಲಿಯೇ ಕೋಣೆ ಹಿಡಿಯಿರಿ. ಈ ಕಾಲದಲ್ಲಿ ಝಯಾನ್ ಕಣಿವೆಯೊಳಕ್ಕೆ ಖಾಸಗಿ ಕಾರು ಬಿಡುವುದಿಲ್ಲ, ಉದ್ಯಾನದ ಉಚಿತ ಬಸ್ಸಿನಲ್ಲಿಯೇ ಹೋಗಬೇಕು. ರಜೆಯ ದಿನ ಒಳಗಿನ ಪಾರ್ಕಿಂಗ್ ಬೆಳಿಗ್ಗೆಯೇ ತುಂಬಿಬಿಡುತ್ತದೆ. ಊರೊಳಗೆ ತಂಗಿದ್ದರೆ ಕಾರನ್ನು ಹೋಟೆಲಿನಲ್ಲಿಯೇ ಬಿಟ್ಟು ಊರಿನ ಬಸ್ಸಿನಲ್ಲಿ ದ್ವಾರಕ್ಕೆ ಹೋಗಬಹುದು.

ಶನಿವಾರ ಮೊದಲ ಬಸ್ಸುಗಳಲ್ಲೊಂದನ್ನು ಹಿಡಿದು ನೇರ ಕೊನೆಯ ನಿಲ್ದಾಣಕ್ಕೆ ಹೋಗಿ. ಅಲ್ಲಿಂದ ನದಿಯ ಪಕ್ಕದಲ್ಲಿ ಸಾಗುವ ರಿವರ್‌ಸೈಡ್ ವಾಕ್ ಹಿರಿಯರಿಗೆ ಹೇಳಿ ಮಾಡಿಸಿದ ಹಾದಿ. ಹೋಗಿಬರಲು ಎರಡು ಮೈಲಿಗಿಂತ ತುಸು ಹೆಚ್ಚು, ಹೆಚ್ಚಿನ ಏರಿಳಿತವಿಲ್ಲ, ಬೆಳಿಗ್ಗೆ ನೆರಳೂ ಇರುತ್ತದೆ. ದಾರಿಯಲ್ಲಿ ಬಂಡೆಯ ಗೋಡೆಯಿಂದ ನೀರು ಒಸರುವುದನ್ನೂ ಆ ತೇವಕ್ಕೆ ಜರೀಗಿಡಗಳು ಜೋತುಬಿದ್ದಿರುವುದನ್ನೂ ತಂದೆ-ತಾಯಿಗೆ ತೋರಿಸಿ. ಮೇಲೆ ಬಿದ್ದ ಮಳೆ ಮರಳುಗಲ್ಲಿನೊಳಗೆ ನಿಧಾನವಾಗಿ ಇಳಿದು, ಕೆಳಗಿನ ಗಟ್ಟಿ ಪದರ ತಡೆದಾಗ ಪಕ್ಕಕ್ಕೆ ಹೊರಬರುವ ನೀರದು. ಇದೇ ಕಣಿವೆಯ ವೀಪಿಂಗ್ ರಾಕ್‌ನಲ್ಲಿ ಒಸರುವ ನೀರಿಗೆ ಈ ಪಯಣ ಸಾವಿರ ವರ್ಷಕ್ಕೂ ಹೆಚ್ಚು ಹಿಡಿದಿದೆ.

ನಿಮ್ಮ ಮಗನಿಗೆ ಇಕ್ಕಟ್ಟಾದ ಕಣಿವೆಯೊಳಗೆ ನದಿಯಲ್ಲಿಯೇ ನಡೆಯುವ ನ್ಯಾರೋಸ್ ಹಾದಿ ಬೇಕು ಎಂದಿದ್ದೀರಿ. ಮೇ ತಿಂಗಳಲ್ಲಿ ಹಿಮ ಕರಗಿದ ನೀರಿನಿಂದ ಹರಿವು ಸೆಕೆಂಡಿಗೆ 150 ಘನ ಅಡಿ ಮೀರಿದರೆ ಅದನ್ನು ಮುಚ್ಚುತ್ತಾರೆ. ಹಾಗಾಗಿ ಮೊದಲೇ ಆಸೆ ಹುಟ್ಟಿಸಬೇಡಿ. ತೆರೆದಿದ್ದರೂ ದಿಢೀರ್ ಪ್ರವಾಹದ ಮುನ್ಸೂಚನೆ ನೋಡದೆ ಇಳಿಸಬೇಡಿ. ತಲೆಯ ಮೇಲೆ ನೀಲಿ ಆಕಾಶವಿದ್ದಾಗಲೇ ಎಲ್ಲೋ ಮೇಲ್ಭಾಗದಲ್ಲಿ ಬಿದ್ದ ಮಳೆ ಕಣಿವೆಗೆ ನುಗ್ಗುತ್ತದೆ. 1997ರ ಆಗಸ್ಟ್‌ನಲ್ಲಿ ಆಂಟಲೋಪ್ ಕಣಿವೆಯಲ್ಲಿ 11 ಜನ ಸತ್ತದ್ದು ಹೀಗೆಯೇ. ಝಯಾನ್‌ನ ಕಡಿದಾದ ಬಂಡೆ ಏಂಜೆಲ್ಸ್ ಲ್ಯಾಂಡಿಂಗ್ ಹತ್ತಲು 2022ರಿಂದ ಲಾಟರಿಯಲ್ಲಿ ಪರವಾನಗಿ ಪಡೆಯಬೇಕು. ಈ ಸಲ ಅದನ್ನು ಬಿಡಿ.

ಭಾನುವಾರ ಪೂರ್ವದ ಸುರಂಗದ ದಾರಿಯಲ್ಲಿ ಬ್ರೈಸ್‌ಗೆ ಹೊರಡಿ. 1930ರಲ್ಲಿ ತೆರೆದ ಈ ಸುರಂಗ ಒಂದು ಮೈಲಿಗೂ ಉದ್ದ. ದಾಟಿದ ಮೇಲೆ ಚೌಕುಳಿ ಗೆರೆಗಳ ಚೆಕರ್‌ಬೋರ್ಡ್ ಮೆಸಾ ಎಂಬ ಬಂಡೆಗುಡ್ಡ ಸಿಗುತ್ತದೆ, ಅಲ್ಲಿ ಕಾರು ನಿಲ್ಲಿಸಿ. ಬ್ರೈಸ್ ಎರಡು ಗಂಟೆಯ ದೂರವಷ್ಟೇ, ಆದರೆ ಹವೆ ಪೂರ್ತಿ ಬೇರೆ. ಕಣಿವೆಯ ಅಂಚು 8,000 ಅಡಿಗೂ ಮೇಲಿದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಸಾಕಷ್ಟು ಎತ್ತರ. ಹತ್ತು ಹೆಜ್ಜೆಗೇ ಏದುಸಿರು ಬರಬಹುದು. ಹೃದಯ ಅಥವಾ ಶ್ವಾಸದ ತೊಂದರೆ ಇದ್ದರೆ ಮೊದಲೇ ವೈದ್ಯರನ್ನು ಕೇಳಿ. ಹಗಲು ಝಯಾನ್‌ನಲ್ಲಿ ಬೆವರಿದವರೇ ಇಲ್ಲಿ ರಾತ್ರಿ ನಡುಗುತ್ತಾರೆ. ಸ್ವೆಟರ್, ಮಫ್ಲರ್ ಇರಲಿ. ಸನ್‌ರೈಸ್ ಪಾಯಿಂಟ್‌ನಿಂದ ಸನ್‌ಸೆಟ್ ಪಾಯಿಂಟ್‌ವರೆಗಿನ ಅರ್ಧ ಮೈಲಿ ಡಾಂಬರು ಹಾದಿ ಹಿರಿಯರಿಗೆ ಸಾಕು, ಕೆಂಪು ಕಲ್ಲುಕಂಬಗಳ ಕಾಡು ಅಲ್ಲಿಂದಲೇ ಕಾಣುತ್ತದೆ. ಕೆಳಗಿಳಿಯುವ ನವಾಹೋ ಲೂಪ್‌ಗೆ ನೀವು ಮತ್ತು ಮಗ ಹೋಗಿ ಬನ್ನಿ.

ಸೋಮವಾರ ಬೆಳಿಗ್ಗೆ ಆರರ ಸುಮಾರಿಗೆ ಅಲ್ಲಿಯೇ ಸೂರ್ಯೋದಯ ನೋಡಿ ಹೊರಟರೆ ವೇಗಸ್‌ಗೆ ನಾಲ್ಕು ಗಂಟೆ. ಕಳೆದುಕೊಂಡ ಒಂದು ಗಂಟೆಯೂ ಮರಳಿ ಸಿಗುತ್ತದೆ.

ಊಟದ ಚಿಂತೆ ದೊಡ್ಡದು, ಏಕೆಂದರೆ ಸಸ್ಯಾಹಾರಿಗಳಿಗೆ ಆ ಊರುಗಳಲ್ಲಿ ಆಯ್ಕೆ ಕಡಿಮೆ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯಿರಿ, ಮೈಕ್ರೋವೇವ್ ಇರುವ ಕೋಣೆ ಕೇಳಿ. ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರ್. ದಾರಿಯಲ್ಲಿ ಮೊಬೈಲ್ ಸಿಗ್ನಲ್ ಆಗಾಗ ಹೋಗುತ್ತದೆ, ನಕ್ಷೆಯನ್ನು ಮುಂಚೆಯೇ ಇಳಿಸಿಕೊಳ್ಳಿ. ಈ ಎರಡೂ ಉದ್ಯಾನಗಳಲ್ಲಿ 2026ರಿಂದ ವಿದೇಶಿ ಪ್ರವಾಸಿಗರಿಗೆ ಹೆಚ್ಚುವರಿ ಶುಲ್ಕವಿದೆ. ತಂದೆ-ತಾಯಿಯ ಲೆಕ್ಕಕ್ಕೆ ಅದನ್ನೂ ಸೇರಿಸಿ. ಕೋಣೆಗಳನ್ನು ಮಾತ್ರ ಈ ವಾರವೇ ಕಾಯ್ದಿರಿಸಿ.