ಏಪ್ರಿಲ್ ಮೊದಲ ವಾರ ಕೊರಿಯಾದ ಗ್ಯೊಂಗ್ಜು ನೋಡೋಕೆ ಸೋಲ್‌ನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಾ?

ಹೋಗಿ ಬರಬಹುದು. ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಎರಡು ರಾತ್ರಿ ಅಲ್ಲೇ ಉಳಿಯಿರಿ.

ನೀವು ಬರೆದಿರುವುದು ಇಷ್ಟು: ಗಂಡ, ಹೆಂಡತಿ, ಜೊತೆಗೆ ನಿಮ್ಮ ಅಮ್ಮ. ಎಂಟು ದಿನದ ಪ್ರವಾಸ, ಸೋಲ್ ಮತ್ತು ಬುಸಾನ್ ಆಗಲೇ ಪಟ್ಟಿಯಲ್ಲಿವೆ. ಚೆರ್ರಿ ಹೂವು ನೋಡಲೇಬೇಕು. ಅಮ್ಮನಿಗೆ ಮಂಡಿ ನೋವು, ಅಪ್ಪಟ ಸಸ್ಯಾಹಾರಿ. ನಾನು ಗ್ಯೊಂಗ್ಜು ಪಕ್ಕದ ಉಲ್ಸಾನ್‌ನಲ್ಲಿ ಕೆಲಸದಲ್ಲಿದ್ದೇನೆ. ರಜೆ ಸಿಕ್ಕರೆ ಬಸ್ ಹತ್ತಿ ಹೋಗುವುದು ಆ ಊರಿಗೇ. ಕೊರಿಯಾದಲ್ಲಿ ನನಗೆ ಅದಕ್ಕಿಂತ ಇಷ್ಟವಾದ ಊರಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಹೂವಿನ ವಿಷಯ. ಗ್ಯೊಂಗ್ಜುವಿನಲ್ಲಿ ಚೆರ್ರಿ ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದೊಳಗೆ ಅರಳುತ್ತದೆ. ಸೋಲ್‌ಗಿಂತ ಕೆಲವು ದಿನ ಮುಂಚೆ. ಚಳಿಗಾಲದ ಕೊನೆ ಬೆಚ್ಚಗಿದ್ದರೆ ಇನ್ನೂ ಬೇಗ. ಮೊಗ್ಗು ಒಡೆದ ಮೇಲೆ ಮರ ತುಂಬುವುದಕ್ಕೆ ಸುಮಾರು ಒಂದು ವಾರ ಬೇಕು. ತುಂಬಿದ ಮೇಲೆ ಒಂದು ಜೋರು ಮಳೆ ಬಂದರೆ ಮಾರನೇ ದಿನ ಹೂವೆಲ್ಲ ನೆಲದ ಮೇಲೆ. ಅದಕ್ಕೇ ಹೇಳೋದು, ವಿಮಾನದ ಟಿಕೆಟ್ ತಿಂಗಳುಗಟ್ಟಲೆ ಮುಂಚೆ ತೆಗೆದುಕೊಳ್ಳುವವರು ಹೂವನ್ನೇ ನಂಬಿಕೊಂಡು ಹೊರಡಬಾರದು. ಸಿಕ್ಕರೆ ಅದೃಷ್ಟ.

ಹಾಗಂತ ಏಪ್ರಿಲ್‌ನಲ್ಲಿ ಹೂವೇ ಕಾಣದೆ ವಾಪಸ್ ಬರುವ ಊರಲ್ಲ ಅದು. ಮಾರ್ಚ್ ಮಧ್ಯದಲ್ಲೇ ಹಳದಿ ಹೂವುಗಳು ಶುರುವಾಗುತ್ತವೆ. ಆಮೇಲೆ ಬಿಳಿ ಮ್ಯಾಗ್ನೋಲಿಯಾ, ಆಮೇಲೆ ಚೆರ್ರಿ. ಚೆರ್ರಿ ಉದುರುವ ಹೊತ್ತಿಗೆ ಚೊಮ್‌ಸೊಂಗ್‌ದೆ ಎಂಬ ಹಳೆ ಗೋಪುರದ ಸುತ್ತಿನ ಹೊಲದಲ್ಲಿ ಸಾಸಿವೆ ಜಾತಿಯ ಹಳದಿ ಹೂವು ತುಂಬಿರುತ್ತದೆ. ಏಪ್ರಿಲ್ ಮಧ್ಯದ ನಂತರ ಬುಲ್ಗುಕ್‌ಸಾ ದೇವಾಲಯದ ಹತ್ತಿರ ಸುತ್ತುಸುತ್ತು ದಳದ ದಪ್ಪ ಚೆರ್ರಿ ಅರಳುತ್ತದೆ. ನೀವು ಹೋಗುವ ವಾರದಲ್ಲಿ ಇವುಗಳಲ್ಲಿ ಒಂದಲ್ಲ ಒಂದು ಸಿಕ್ಕೇ ಸಿಗುತ್ತದೆ.

ಚೆರ್ರಿ ಸಿಕ್ಕರೆ ಎಲ್ಲಿ ನೋಡೋದು? ಎಲ್ಲರೂ ಬೊಮುನ್ ಕೆರೆ ಅನ್ನುತ್ತಾರೆ. ಚೆನ್ನಾಗಿದೆ, ನಿಜ. ಆದರೆ ಹೂವಿನ ಶನಿವಾರ ಭಾನುವಾರ ಆ ರಸ್ತೆಯಲ್ಲಿ ಬಸ್ಸು ನಿಂತಲ್ಲೇ ನಿಂತಿರುತ್ತದೆ. ನನ್ನ ಮಾತು ಕೇಳಿದರೆ ದೆರುಂಗ್‌ವೊನ್ ಎಂಬ ಸಮಾಧಿಗಳ ಉದ್ಯಾನದ ಕಲ್ಲಿನ ಗೋಡೆ ಪಕ್ಕದ ರಸ್ತೆಗೆ ಬೆಳಗ್ಗೆ ಹೋಗಿ. ಒಂದು ಕಡೆ ಗೋಡೆ, ಗೋಡೆಯಾಚೆ ರಾಜರ ಸಮಾಧಿಗಳ ಹುಲ್ಲಿನ ದಿಬ್ಬ, ಮೇಲೆ ಹೂವು. ಅಮ್ಮನಿಗೂ ಸಮತಟ್ಟಾದ ದಾರಿ. ಇನ್ನೂ ಸಮಯವಿದ್ದರೆ ಊರಿನ ಪಶ್ಚಿಮಕ್ಕೆ, ಸೇನಾಪತಿ ಕಿಮ್ ಯು-ಸಿನ್ ಸಮಾಧಿಗೆ ಹೋಗುವ ಹುಂಗ್‌ಮು ರಸ್ತೆ. ಎರಡೂ ಕಡೆಯ ಕೊಂಬೆ ತಲೆ ಮೇಲೆ ಕೂಡಿಕೊಂಡಿರುತ್ತದೆ. ವಾರದ ದಿನಗಳಲ್ಲಿ ಹೋಗುವ ಹಾಗೆ ಲೆಕ್ಕ ಹಾಕಿ. ಇದು ಬಹಳ ಮುಖ್ಯ.

ಈಗ ಊರಿನ ಬಗ್ಗೆ, ಯಾಕೆಂದರೆ ನೀವು ಅದನ್ನು ಹೂವಿನ ಊರು ಅಂತ ಮಾತ್ರ ಅಂದುಕೊಂಡಿದ್ದೀರಿ ಅನ್ನಿಸಿತು. ಗ್ಯೊಂಗ್ಜು ಸಿಲ್ಲಾ ರಾಜ್ಯದ ರಾಜಧಾನಿ. ಕೊರಿಯನ್ನರ ಲೆಕ್ಕದಲ್ಲಿ ಕ್ರಿ.ಪೂ. 57ರಿಂದ ಕ್ರಿ.ಶ. 935ರವರೆಗೆ, ಹತ್ತಿರ ಹತ್ತಿರ ಸಾವಿರ ವರ್ಷ. ಊರ ನಡುವೆಯೇ ದೊಡ್ಡ ದೊಡ್ಡ ಹಸಿರು ದಿಬ್ಬಗಳಿವೆ. ಮನೆ, ಕಾಫಿ ಅಂಗಡಿ, ಶಾಲೆ ಎಲ್ಲದರ ಮಧ್ಯೆ. ಎಲ್ಲವೂ ಸಮಾಧಿಗಳು. ಹಳೆ ಊರಲ್ಲಿ ಎತ್ತರದ ಕಟ್ಟಡ ಕಟ್ಟಲು ಬಿಡುವುದಿಲ್ಲ. ಪೆಟ್ರೋಲ್ ಬಂಕಿಗೂ ಹೆಂಚಿನ ಮಾಡು ಇರುವುದನ್ನು ಕಾಣುತ್ತೀರಿ.

ಆ ದಿಬ್ಬಗಳ ಒಳಗೆ ಚಿನ್ನ ಉಳಿದುಕೊಂಡದ್ದು ಹೇಗೆ ಎಂಬುದು ನನಗೆ ಇವತ್ತಿಗೂ ಸೋಜಿಗ. ಮರದ ಕೋಣೆ ಕಟ್ಟಿ, ಒಳಗೆ ಶವ ಮತ್ತು ಒಡವೆ ಇಟ್ಟು, ಮೇಲೆ ಬಂಡೆಗುಂಡುಗಳನ್ನು ರಾಶಿ ಹಾಕಿ, ಅದರ ಮೇಲೆ ಮಣ್ಣು ಮುಚ್ಚುತ್ತಿದ್ದರು. ಕಾಲ ಕಳೆದಂತೆ ಮರ ಕೊಳೆತು, ಕಲ್ಲೆಲ್ಲ ಒಳಗೆ ಕುಸಿಯಿತು. ಒಳಗೆ ನುಗ್ಗಲು ಬಾಗಿಲೂ ಇಲ್ಲ, ಸುರಂಗ ಕೊರೆದರೆ ಕಲ್ಲು ಬೀಳುತ್ತದೆ. ಕಳ್ಳರಿಗೆ ದಕ್ಕಲಿಲ್ಲ. 1921ರಲ್ಲಿ ಒಂದು ಮನೆಯ ಕೆಲಸಕ್ಕೆ ನೆಲ ಅಗೆಯುವಾಗ ಮೊದಲ ಚಿನ್ನದ ಕಿರೀಟ ಹೊರಬಂತು. 1973ರಲ್ಲಿ ದೆರುಂಗ್‌ವೊನ್ ಒಳಗಿನ ಚೊನ್‌ಮಾಚೊಂಗ್ ಎಂಬ ದಿಬ್ಬವನ್ನು ಅಗೆದರು. ಬರ್ಚ್ ಮರದ ತೊಗಟೆಯ ಮೇಲೆ ಬರೆದ ಬಿಳಿ ಕುದುರೆಯ ಚಿತ್ರ ಸಿಕ್ಕಿತು. ದಿಬ್ಬಕ್ಕೆ ಆ ಹೆಸರು ಬಂದದ್ದು ಆ ಕುದುರೆಯಿಂದ. ಅದರ ಒಳಗೆ ಹೋಗಿ ನೋಡಬಹುದು. ದೆರುಂಗ್‌ವೊನ್ ಉದ್ಯಾನಕ್ಕೆ ಟಿಕೆಟ್ ಇಲ್ಲ, ಚೊನ್‌ಮಾಚೊಂಗ್‌ಗೆ ಇದೆ. ಕೊಟ್ಟು ಹೋಗಿ.

ಅಲ್ಲೇ ಪಕ್ಕದಲ್ಲಿ ಹ್ವಾಂಗ್‌ನಾಮ್‌ದೆಚೊಂಗ್ ಎಂಬ ಜೋಡಿ ದಿಬ್ಬವಿದೆ. ಉದ್ದ ಸುಮಾರು 120 ಮೀಟರ್. ಒಂದರಲ್ಲಿ ಗಂಡಸು, ಇನ್ನೊಂದರಲ್ಲಿ ಹೆಂಗಸು. ಚಿನ್ನದ ಕಿರೀಟ ಸಿಕ್ಕಿದ್ದು ಹೆಂಗಸಿನ ಕಡೆ. ನಿಮ್ಮ ಅಮ್ಮನಿಗೆ ಇದನ್ನು ಹೇಳಿ.

ದೆರುಂಗ್‌ವೊನ್‌ನಿಂದ ನಡೆದರೆ ಐದಾರು ಜಾಗ ಒಂದೇ ದಾರಿಯಲ್ಲಿ ಸಿಗುತ್ತವೆ. ಚೊಮ್‌ಸೊಂಗ್‌ದೆ ಎಂಬ ಕಲ್ಲಿನ ಗೋಪುರ 7ನೇ ಶತಮಾನದಲ್ಲಿ ರಾಣಿ ಸೊಂದೊಕ್ ಕಾಲದ್ದು, ನಕ್ಷತ್ರ ನೋಡಲು ಕಟ್ಟಿಸಿದ್ದು ಎನ್ನುತ್ತಾರೆ. ಎತ್ತರ ಸುಮಾರು 9 ಮೀಟರ್ ಅಷ್ಟೇ. ಫೋಟೋದಲ್ಲಿ ನೋಡಿ ದೊಡ್ಡದಿರಬೇಕು ಅಂದುಕೊಂಡು ಬರುವವರಿಗೆ ಸಪ್ಪೆ ಅನ್ನಿಸುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ 5.8 ತೀವ್ರತೆಯ ಭೂಕಂಪ ಇದೇ ಊರಲ್ಲಿ ಆಯಿತು. ಗೋಪುರ ಒಂಚೂರು ವಾಲಿತು, ಬೀಳಲಿಲ್ಲ. ಆ ವಯಸ್ಸಿನ ಕಟ್ಟಡ ಅದನ್ನು ತಡೆದುಕೊಂಡಿತಲ್ಲ ಅಂತ ಯೋಚಿಸಿಕೊಂಡು ಅದರ ಸುತ್ತ ಒಂದು ಸಲ ನಡೆಯಿರಿ.

ಅದರ ಪಕ್ಕದ ಹಳೆ ಮರಗಳ ತೋಪು ಗ್ಯೆರಿಮ್. ಬಹಳ ಜನ ದಾಟಿಕೊಂಡು ಹೋಗಿಬಿಡುತ್ತಾರೆ. ನೀವು ಕೂತುಕೊಳ್ಳಿ. ಹ್ಯೆಚೊ ಎಂಬ ಸಿಲ್ಲಾ ದೇಶದ ಭಿಕ್ಷು 8ನೇ ಶತಮಾನದಲ್ಲಿ ಸಮುದ್ರದ ದಾರಿಯಲ್ಲಿ ಭಾರತಕ್ಕೆ ಬಂದಿದ್ದ. ದಕ್ಷಿಣದ ಕಡೆಗೂ ಹೋದ. ಆಗ ನಮ್ಮ ಕಡೆ ಬಾದಾಮಿ ಚಾಲುಕ್ಯರ ಕಾಲ. ದಕ್ಷಿಣದ ದಾರಿಯಲ್ಲಿ ಅವನು ಬರೆದ ಒಂದು ಪದ್ಯ ಉಳಿದಿದೆ. ಬೆಳದಿಂಗಳ ರಾತ್ರಿ ಊರಿನ ದಿಕ್ಕು ನೋಡುತ್ತಾನೆ. ನನ್ನ ಸುದ್ದಿಯನ್ನು ಆ ತೋಪಿಗೆ ಯಾರು ಒಯ್ಯುತ್ತಾರೆ ಎಂದು ಕೇಳುತ್ತಾನೆ. ತೋಪು ಎಂದರೆ ಇದೇ ಗ್ಯೆರಿಮ್, ಅಂದರೆ ಅವನ ನಾಡು. ಮುಂದೆ ಚೀನಾದಲ್ಲೇ ತೀರಿಕೊಂಡ, ಊರಿಗೆ ಮರಳಲಿಲ್ಲ. ದೂರದೇಶದಲ್ಲಿ ದುಡಿಯುವ ನನ್ನಂಥವರಿಗೆ ಆ ಪದ್ಯ ನೇರವಾಗಿ ನಾಟುತ್ತದೆ.

ಕತ್ತಲಾದ ಮೇಲೆ ವೊಲ್ಜಿ ಕೊಳಕ್ಕೆ ಹೋಗಲೇಬೇಕು. ಒಂದೇ ದಿನಕ್ಕೆ ಬರುವವರು ಕಳೆದುಕೊಳ್ಳುವುದು ಇದನ್ನೇ. 674ರಲ್ಲಿ ರಾಜ ಮುನ್ಮು ತೋಡಿಸಿದ ಅರಮನೆಯ ಕೊಳ. ದೀಪ ಹಾಕಿದಾಗ ಮಂಟಪಗಳೆಲ್ಲ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತವೆ. ಎಲ್ಲಿ ನಿಂತರೂ ಕೊಳ ಪೂರ್ತಿ ಒಂದೇ ನೋಟಕ್ಕೆ ಸಿಗುವುದಿಲ್ಲ, ದಡವನ್ನು ಹಾಗೆ ತಿರುಗಿಸಿ ತಿರುಗಿಸಿ ಕಟ್ಟಿದ್ದಾರೆ. ಜನ ಜಾಸ್ತಿ ಇರುತ್ತಾರೆ. ಊಟ ಮುಗಿಸಿ ನಿಧಾನಕ್ಕೆ ಹೋಗಿ.

ಎರಡನೇ ದಿನ ಬುಲ್ಗುಕ್‌ಸಾ ಮತ್ತು ಸೊಕ್ಕುರಾಮ್ ಎಂಬ ಗುಹಾಲಯ. ಎರಡೂ 1995ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. 2023ರ ಮೇ ತಿಂಗಳಿಂದ ಪ್ರವೇಶ ಶುಲ್ಕ ತೆಗೆದಿದ್ದಾರೆ. ಬುಲ್ಗುಕ್‌ಸಾವನ್ನು ದೊಡ್ಡದಾಗಿ ಕಟ್ಟಲು ಶುರು ಮಾಡಿದ್ದು 751ರಲ್ಲಿ. ನಮ್ಮ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಎದ್ದ ತಲೆಮಾರಿನಲ್ಲೇ. ಮರದ ಭಾಗ 1593ರ ಜಪಾನಿ ದಾಳಿಯಲ್ಲಿ ಸುಟ್ಟುಹೋಯಿತು. ಈಗ ಕಾಣುವ ಕಟ್ಟಡಗಳು ಆಮೇಲಿನವು. ಕಲ್ಲು ಮಾತ್ರ ಹಳೆಯದೇ. ಅಂಗಳದಲ್ಲಿ ಎರಡು ಕಲ್ಲಿನ ಸ್ತೂಪಗಳಿವೆ. ಒಂದು ಸರಳ, ಒಂದು ತುಂಬ ಕುಸುರಿಯದ್ದು. ಕುಸುರಿಯದ್ದು 10 ವೊನ್ ನಾಣ್ಯದ ಮೇಲಿದೆ. ಮುಂದಿನ ಕಲ್ಲಿನ ಮೆಟ್ಟಿಲು ಹತ್ತಲು ಬಿಡುವುದಿಲ್ಲ, ಪಕ್ಕದ ದಾರಿಯಿಂದ ಒಳಗೆ ಹೋಗಬೇಕು. ಅಮ್ಮ ಆರಾಮಾಗಿ ನಡೆದಾರು.

ಸೊಕ್ಕುರಾಮ್ ಬೆಟ್ಟದ ಮೇಲಿದೆ. ಬುಲ್ಗುಕ್‌ಸಾದಿಂದ 12ನೇ ನಂಬರಿನ ಬಸ್ಸು ಹೋಗುತ್ತದೆ, ಆದರೆ ಅಪರೂಪಕ್ಕೊಂದು. ಟ್ಯಾಕ್ಸಿ ತೆಗೆದುಕೊಳ್ಳಿ. ವಾಹನ ನಿಲ್ಲುವಲ್ಲಿಂದ ಕಾಡಿನ ನಡುವೆ ಹೆಚ್ಚು ಏರಿಲ್ಲದ ದಾರಿ, ಕೊನೆಗೆ ಒಂದಷ್ಟು ಮೆಟ್ಟಿಲು. ಅಲ್ಲಿ ಮಾತ್ರ ಅಮ್ಮನ ಕೈ ಹಿಡಿಯಿರಿ. ಬಾದಾಮಿಯಲ್ಲಿ ಬಂಡೆಯನ್ನೇ ಕೊರೆದು ಗುಹೆ ಮಾಡಿದರು. ಇಲ್ಲಿನ ಗ್ರಾನೈಟ್ ಅದಕ್ಕೆ ಬಗ್ಗುವಂಥದ್ದಲ್ಲ. ಹಾಗಾಗಿ ಕಲ್ಲುಗಳನ್ನು ಕಡಿದು, ಜೋಡಿಸಿ, ಗುಮ್ಮಟ ಕಟ್ಟಿ, ಮೇಲೆ ಮಣ್ಣು ಹಾಕಿ ಗುಹೆಯನ್ನೇ ಕಟ್ಟಿದರು. ಒಳಗೆ ಸುಮಾರು 3.5 ಮೀಟರ್ ಎತ್ತರದ ಬುದ್ಧ, ಪೂರ್ವದ ಸಮುದ್ರದ ಕಡೆ ಮುಖ. ಜಪಾನಿಯರ ಆಳ್ವಿಕೆಯಲ್ಲಿ ಇದನ್ನು ಬಿಚ್ಚಿ ಸಿಮೆಂಟು ಹಾಕಿ ಮತ್ತೆ ಕಟ್ಟಿದರು. ಅಂದಿನಿಂದ ತೇವದ ಕಾಟ ಶುರುವಾಯಿತು. ಈಗ ಗಾಜಿನ ಆಚೆ ನಿಂತು ನೋಡಬೇಕು, ಫೋಟೋ ತೆಗೆಯುವಂತಿಲ್ಲ. ಗಾಜು ಕಂಡು ಬೇಸರ ಮಾಡಿಕೊಂಡು ಬೇಗ ಹೊರಡಬೇಡಿ. ಗುಂಪು ಹೋದ ಮೇಲೆ ಒಂದೆರಡು ನಿಮಿಷ ಖಾಲಿ ಸಿಗುತ್ತದೆ. ಆ ಮುಖವನ್ನು ಆಗ ನೋಡಿ.

ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಇಡಿ. ಅಂಗಳದಲ್ಲೇ ರಾಜ ಸೊಂಗ್‌ದೊಕ್ ಹೆಸರಿನ ಗಂಟೆ ಇದೆ. 771ರಲ್ಲಿ ಎರಕ ಮುಗಿದದ್ದು, ತೂಕ ಸುಮಾರು 18.9 ಟನ್. ಮಗ ತಂದೆಯ ನೆನಪಿಗೆ ಶುರು ಮಾಡಿದ, ಮೊಮ್ಮಗ ಮುಗಿಸಿದ. ಈಗ ಅದನ್ನು ಸಾಮಾನ್ಯವಾಗಿ ಬಾರಿಸುವುದಿಲ್ಲ, ಮುದ್ರಿಸಿದ ನಾದವನ್ನು ಆಗಾಗ ಕೇಳಿಸುತ್ತಾರೆ.

ಊಟ. ಇದು ಸುಲಭ ಅಂತ ನಾನು ಹೇಳುವುದಿಲ್ಲ. ಹುಳಿ ಬರಿಸಿದ ತರಕಾರಿಯಾದ ಕಿಮ್ಚಿಯಲ್ಲಿ ಸಾಮಾನ್ಯವಾಗಿ ಮೀನಿನ ರಸವೋ ಉಪ್ಪಿನಲ್ಲಿಟ್ಟ ಸಿಗಡಿಯೋ ಇರುತ್ತದೆ. ತರಕಾರಿ ಸಾರಿನಂತೆ ಕಾಣುವುದರ ಬುಡದಲ್ಲಿ ಒಣಮೀನಿನ ನೀರು ಇರುತ್ತದೆ. "ಮಾಂಸ ಬೇಡ" ಅಂದರೆ ಅಂಗಡಿಯವರು ಬಿಡುವುದು ದನ, ಹಂದಿ, ಕೋಳಿ ಮಾತ್ರ. ಮೀನು, ಸಿಗಡಿ, ಮೊಟ್ಟೆ, ಮೀನಿನ ಸಾರು ಎಂದು ಒಂದೊಂದಾಗಿ ಕೊರಿಯನ್‌ನಲ್ಲಿ ಬರೆಸಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಪಪಾಗೊ ಎಂಬ ಅನುವಾದದ ಆ್ಯಪ್ ಸಾಕು. ಮಾಂಸ ಮೊಟ್ಟೆ ಇಲ್ಲದ ಬಿಬಿಂಬಾಪ್ ಮಾಡಿಕೊಡಿ ಅಂದರೆ ಸಾಮಾನ್ಯವಾಗಿ ಮಾಡಿಕೊಡುತ್ತಾರೆ. ಅನ್ನ, ಬೇಯಿಸಿದ ಸೊಪ್ಪು, ಖಾರದ ಗೊಜ್ಜು. ಆದರೂ ಗೊಜ್ಜಿನಲ್ಲಿ ಮಾಂಸ ಹುರಿದು ಹಾಕಿಲ್ಲ ತಾನೇ ಅಂತ ಕೇಳಿ. ಊರಿನ ಹೆಸರಾಂತ ತಿಂಡಿ ಹ್ವಾಂಗ್‌ನಾಮ್ ಪ್ಪಾಂಗ್, 1939ರಿಂದ ಮಾಡುತ್ತಿದ್ದಾರೆ. ಒಳಗೆ ಕೆಂಪು ಕಾಳಿನ ಸಿಹಿ ಹೂರಣ. ಹೊರಗಿನ ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಎಂದು ವಿಚಾರಿಸಿ ಅಮ್ಮನಿಗೆ ಕೊಡಿ. ಜೊತೆಗೆ ಮನೆಯಿಂದ ಚಟ್ನಿಪುಡಿ, ಉಪ್ಪಿನಕಾಯಿ, ಹುರಿದ ಅವಲಕ್ಕಿ ತನ್ನಿ. ಬೀದಿಬೀದಿಗೂ ಇರುವ ಕನ್ವೀನಿಯನ್ಸ್ ಸ್ಟೋರ್‌ಗಳಲ್ಲಿ ಬೆಂದ ಅನ್ನದ ಡಬ್ಬಿ, ಮೈಕ್ರೋವೇವ್, ಬಿಸಿನೀರು ಎಲ್ಲ ಇವೆ. ಏಪ್ರಿಲ್‌ನಲ್ಲಿ ಸ್ಟ್ರಾಬೆರಿ ಬಹಳ ರುಚಿ.

ಉಳಿಯಲು ದೆರುಂಗ್‌ವೊನ್ ಸುತ್ತಮುತ್ತ ಹಳೇ ಶೈಲಿಯ ಹಾನೊಕ್ ಮನೆಗಳಿವೆ. ಬೆಚ್ಚಗಿನ ನೆಲ, ಕಾಗದದ ಬಾಗಿಲು, ಚಂದ. ಆದರೆ ಬಹಳಷ್ಟು ಕಡೆ ಹಾಸಿಗೆ ನೆಲದ ಮೇಲೆ. ಮಂಡಿ ನೋವಿರುವವರು ಕೂತು ಏಳುವುದು ಕಷ್ಟ. ಮಂಚ ಇರುವ ಕೋಣೆ ಅಂತ ಕೇಳಿಯೇ ಬುಕ್ ಮಾಡಿ. ಹೂವಿನ ವಾರಕ್ಕೆ ಬೇಗ ತುಂಬಿಹೋಗುತ್ತವೆ.

ಸೋಲ್‌ನಿಂದ ಕೆಟಿಎಕ್ಸ್ ಎಂಬ ಅತಿವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆ. ಒಂದು ತಿಂಗಳು ಮುಂಚೆ ಟಿಕೆಟ್ ಬಿಡುತ್ತಾರೆ, ಬಿಟ್ಟ ತಕ್ಷಣ ತೆಗೆದುಕೊಳ್ಳಿ. ನಿಲ್ದಾಣ ಊರಿನಿಂದ ಹೊರಗಿದೆ. ಮುಂಚೆ ಅದರ ಹೆಸರು ಸಿನ್‌ಗ್ಯೊಂಗ್ಜು. 2023ರ ಡಿಸೆಂಬರ್‌ನಿಂದ ಬರೀ ಗ್ಯೊಂಗ್ಜು. ಊರೊಳಗಿನ ಹಳೆ ಗ್ಯೊಂಗ್ಜು ನಿಲ್ದಾಣಕ್ಕೆ ಈಗ ರೈಲೇ ಬರುವುದಿಲ್ಲ. ಹಳೆ ಬ್ಲಾಗ್ ಓದಿ ಗೊಂದಲ ಮಾಡಿಕೊಳ್ಳಬೇಡಿ. ಗೂಗಲ್ ಮ್ಯಾಪ್ ಅಲ್ಲಿ ಸರಿಯಾಗಿ ದಾರಿ ತೋರಿಸುವುದಿಲ್ಲ, ನೇವರ್ ಮ್ಯಾಪ್ ಹಾಕಿಕೊಳ್ಳಿ. ವೀಸಾ ನಮಗೆ ಮುಂಚೆಯೇ ಬೇಕು, ಅದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಬೆಳಗ್ಗೆ 5 ಡಿಗ್ರಿ, ಮಧ್ಯಾಹ್ನ 16, ಹಾಗಾಗಿ ಒಂದರ ಮೇಲೊಂದು ಹಾಕಿಕೊಳ್ಳುವ ಬಟ್ಟೆ ಇರಲಿ. ಮಂಗೋಲಿಯಾ ಕಡೆಯ ಮರುಭೂಮಿಯ ಧೂಳು ಬರುವ ದಿನ ಮಾಸ್ಕ್ ಬೇಕಾಗುತ್ತದೆ.

ಕೊನೆಗೆ, ದಿನ ಎಲ್ಲಿಂದ ತರುವುದು ಅಂತ ಕೇಳಿದ್ದಿರಿ. ಸೋಲ್‌ಗೆ ನಾಲ್ಕು ದಿನ ಸಾಕು. ಅಲ್ಲಿಂದ ನೇರ ಗ್ಯೊಂಗ್ಜುಗೆ ಬಂದು ಎರಡು ರಾತ್ರಿ ಇರಿ. ಆಮೇಲೆ ಬುಸಾನ್, ರೈಲಿನಲ್ಲಿ ಅರ್ಧ ಗಂಟೆ. ವಾಪಸ್ ವಿಮಾನ ಬುಸಾನ್‌ನಿಂದಲೇ ಸಿಕ್ಕರೆ ಸೋಲ್‌ಗೆ ಮತ್ತೆ ಹೋಗುವ ಕೆಲಸವಿಲ್ಲ. ಸಿಗದಿದ್ದರೆ ಬುಸಾನ್‌ನಲ್ಲಿ ಒಂದು ದಿನ ಕಡಿಮೆ ಮಾಡಿ, ಗ್ಯೊಂಗ್ಜುವಿನಲ್ಲಿ ಮಾಡಬೇಡಿ. ದಿನಾಂಕ ಗಟ್ಟಿಯಾದ ಮೇಲೆ ಇಲ್ಲೇ ಬರೆಯಿರಿ, ಆ ವಾರ ಮರಗಳು ಹೇಗಿವೆ ಅಂತ ನೋಡಿ ಹೇಳುತ್ತೇನೆ.