ಬಡ್ತಿಯ ದಾರಿಯೇ ಕಾಣದ ಕೆಲಸದಲ್ಲಿ ಉತ್ಸಾಹ ಉಳಿಸಿಕೊಳ್ಳುವುದು ಹೇಗೆ?

11 ವರ್ಷದಿಂದ ದ್ವಿತೀಯ ದರ್ಜೆ ಸಹಾಯಕಿಯಾಗಿಯೇ ಇದ್ದೇನೆ, ಬಡ್ತಿಯ ಸುಳಿವಿಲ್ಲ, ಬೆಳಿಗ್ಗೆ ಕಚೇರಿಗೆ ಹೊರಡಲು ಮನಸ್ಸೇ ಬರುವುದಿಲ್ಲ ಎಂದು ಬರೆದಿದ್ದೀರಿ. ಓದುತ್ತಾ ನನ್ನದೇ ಮಾತು ಅನ್ನಿಸಿತು. ನಾನು ಮೈಸೂರು ಜಿಲ್ಲೆಯ ಕಾಡಂಚಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. 2003ರಲ್ಲಿ ಸೇರಿದಾಗ ಸಹಶಿಕ್ಷಕಿ, ಇವತ್ತೂ ಸಹಶಿಕ್ಷಕಿ.

ಬೇಜಾರಾಗುವುದು ತಪ್ಪಲ್ಲ. ಕೆಲಸ ಮಾಡುತ್ತಲೇ ನಾನು ಬಿ.ಎ. ಮುಗಿಸಿದೆ, ಆಮೇಲೆ ಬಿ.ಎಡ್. 6, 7ನೇ ತರಗತಿಗೂ ಪಾಠ ಮಾಡುತ್ತಿದ್ದೆ. 2017ರ ನೇಮಕಾತಿ ನಿಯಮ ಬಂದು ನಮ್ಮನ್ನು 1ರಿಂದ 5ನೇ ತರಗತಿಯ ಶಿಕ್ಷಕರು ಎಂದು ಗುರುತಿಸಿತು. 6ರಿಂದ 8ಕ್ಕೆ ಪದವೀಧರ ಶಿಕ್ಷಕರ ಹುದ್ದೆಯೇ ಬೇರೆಯಾಯಿತು. ರಾತ್ರಿ ನಿದ್ದೆಗೆಟ್ಟು ಓದಿದ್ದೆಲ್ಲ ಟ್ರಂಕಿನಲ್ಲಿ ಉಳಿಯಿತು. ಆ ವರ್ಷ ಒಂದು ಮದುವೆಯಲ್ಲಿ ನೆಂಟರೊಬ್ಬರು "ಇನ್ನೂ ಅದೇ ಕೆಲಸಾನಾ?" ಎಂದರು. ಎಲೆ ಮುಂದೆ ಕೂತರೂ ಊಟ ಸೇರಲಿಲ್ಲ.

ಮನಸ್ಸಿನ ಮಾತಿಗೆ ಮೊದಲು ಒಂದು ಲೆಕ್ಕದ ಮಾತು. ಒಂದೇ ಹುದ್ದೆಯಲ್ಲಿ ಬಡ್ತಿಯಿಲ್ಲದೆ 10 ವರ್ಷ ಮುಗಿದರೆ ಕಾಲಬದ್ಧ ಬಡ್ತಿ, 15ಕ್ಕೆ ಸ್ವಯಂಚಾಲಿತ ವಿಶೇಷ ಬಡ್ತಿ, 20ಕ್ಕೆ ಹೆಚ್ಚುವರಿ ವೇತನ ಬಡ್ತಿ ಇದೆ. ಕುರ್ಚಿ ಬದಲಾಗುವುದಿಲ್ಲ, ಸಂಬಳ ಏರುತ್ತದೆ. ನಿಮ್ಮ 10 ವರ್ಷದ್ದು ಆಗಿದೆಯಾ? ಆಗಿಲ್ಲದಿದ್ದರೆ ನಾಳೆಯೇ ಕೇಳಿ. ನಿಮ್ಮ ನೌಕರಿಯ ದಾಖಲೆಯೆಲ್ಲ ಇರುವ ಸೇವಾ ಪುಸ್ತಕ ತರಿಸಿಕೊಂಡು ಒಂದೊಂದೇ ಪುಟ ನೋಡಿ. ಜ್ಯೇಷ್ಠತಾ ಪಟ್ಟಿಯ ಕರಡಿನಲ್ಲಿ ನಿಮ್ಮ ವಿವರ ತಪ್ಪಿದ್ದರೆ ಕೊಟ್ಟ ಗಡುವಿನೊಳಗೆ ಆಕ್ಷೇಪಣೆ ಬರೆದುಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಪಾಸಿಟಿವ್ ಆಗಿರಬೇಕು ಅಂತ ನಮಗೆ ಬರಬೇಕಾದ್ದನ್ನು ಬಿಟ್ಟುಕೊಡಬೇಕಿಲ್ಲ, ಅಲ್ವಾ?

ಇನ್ನು ಮನಸ್ಸಿನ ವಿಷಯ. ನನ್ನ ಕೈ ಹಿಡಿದದ್ದು ನಲಿ-ಕಲಿ, ಅಂದರೆ ಚಿಕ್ಕ ತರಗತಿಯ ಮಕ್ಕಳು ಆಡುತ್ತಾ ಹಾಡುತ್ತಾ ತಮ್ಮದೇ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಪದ್ಧತಿ. ಅದು 1995ರಲ್ಲಿ ನಮ್ಮ ಜಿಲ್ಲೆಯ ಎಚ್.ಡಿ. ಕೋಟೆಯಲ್ಲೇ ಯುನಿಸೆಫ್ ನೆರವಿನಿಂದ ಶುರುವಾದದ್ದು. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳಲ್ಲಿ ಕಲಿಸುವ ರೀತಿ ನೋಡಿಬಂದ ಇಲ್ಲಿನ ಮೇಷ್ಟ್ರುಗಳು ಕೂತು ಕಾರ್ಡು, ಹಾಡು, ಆಟಗಳನ್ನು ಕಟ್ಟಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹೋಯಿತು.

ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದಿದೆ. ಕಾಫಿ ಕೊಯ್ಲು ಬಂತೆಂದರೆ ನಮ್ಮ ಹಾಡಿಯ (ಕಾಡಂಚಿನ ಬುಡಕಟ್ಟು ಜನರ ಊರಿನ) ಮಕ್ಕಳು ಅಪ್ಪ ಅಮ್ಮನ ಜೊತೆ ಕೊಡಗಿನ ತೋಟಗಳಿಗೆ ಹೋಗುತ್ತಾರೆ. ವಾರಗಟ್ಟಲೆ ಬರುವುದಿಲ್ಲ. ನಲಿ-ಕಲಿಯಲ್ಲಿ ಮಗು ಯಾವ ಮೆಟ್ಟಿಲಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮುಂದುವರಿಯಬಹುದು. ಆ ಮದುವೆ ಊಟದ ವರ್ಷ ನಾನು ಒಂದು ನೋಟ್‌ಬುಕ್ ಶುರು ಮಾಡಿದೆ. ತೋಟಕ್ಕೆ ಹೋಗುವ ಪ್ರತಿ ಮಗುವಿಗೂ ಒಂದು ಪುಟ. ಯಾವ ಕಾರ್ಡು ಮುಗಿದಿದೆ, ಯಾವ ಅಕ್ಷರ ತಿರುಗಾಮುರುಗಾ ಬರೆಯುತ್ತದೆ, ಯಾವ ಹಾಡು ಇಷ್ಟ, ಎಲ್ಲ. ಮಗು ವಾಪಸ್ ಬಂದ ದಿನ ಆ ಪುಟ ತೆಗೆದು "ನೀನು ಇಲ್ಲಿದ್ದೆ ನೋಡು" ಎಂದರೆ ಅದರ ಮುಖ ನೋಡಬೇಕು ನೀವು! ಇದನ್ನು ಮಾಡು ಅಂತ ಯಾರೂ ಹೇಳಿರಲಿಲ್ಲ. ಅದಕ್ಕೇ ಇರಬೇಕು, ಅದು ಪೂರ್ತಿ ನನ್ನದು ಅನ್ನಿಸುತ್ತದೆ. ಬಡ್ತಿಯ ಸುದ್ದಿ ಬಂದಾಗ ಈಗಲೂ ಚುರುಕ್ ಅನ್ನುತ್ತದೆ. ಆದರೆ ಬೆಳಿಗ್ಗೆ ಬಸ್ ಹತ್ತುವಾಗ ತಲೆಯಲ್ಲಿ ಓಡುವುದು ಆ ಪುಟಗಳೇ.

ನೋಟ್‌ಬುಕ್ ಇಡುವುದನ್ನು ನಾನು ಕಲಿತದ್ದು ನಿಮ್ಮದೇ ಹುದ್ದೆಯಲ್ಲಿದ್ದ ಒಬ್ಬರಿಂದ. ನನ್ನ 10 ವರ್ಷದ ಕಡತ ಒಂದೂವರೆ ವರ್ಷ ಸುಮ್ನೆ ಬಿದ್ದಿತ್ತು. ಹೊಸದಾಗಿ ಬಂದ ದ್ವಿತೀಯ ದರ್ಜೆ ಸಹಾಯಕರೊಬ್ಬರು ಸೇವಾ ಪುಸ್ತಕ ತಿರುವಿ, ಒಂದು ರಜೆಯ ನಮೂದು ಬಿಟ್ಟುಹೋದದ್ದು ಹುಡುಕಿದರು. ಎರಡೇ ತಿಂಗಳಲ್ಲಿ ಆದೇಶ ಬಂತು. ಇನ್ನೊಬ್ಬರಿಗೆ ಹೀಗಾಗಬಾರದೆಂದು ಅವರು 200 ಪುಟದ ಒಂದು ನೋಟ್‌ಬುಕ್ಕಿನಲ್ಲಿ ನಮ್ಮೆಲ್ಲರ ಹೆಸರು ಬರೆದು, ಯಾರಿಗೆ ಯಾವ ತಿಂಗಳು 10, 15, 20 ತುಂಬುತ್ತದೆ ಎಂದು ಗುರುತು ಮಾಡಿಟ್ಟರು. ಅವರಿಗೂ ಆಗ ಬಡ್ತಿ ಸಿಕ್ಕಿರಲಿಲ್ಲ.

2018ರಲ್ಲಿ ನನ್ನ 15 ವರ್ಷದ್ದು, 2023ರಲ್ಲಿ 20 ವರ್ಷದ್ದು, ಎರಡೂ ನಾನು ಕೇಳುವ ಮೊದಲೇ ಬಂದವು. ಅವರು ವರ್ಗವಾಗಿ ಹೋಗಿ ಎಷ್ಟೋ ವರ್ಷವಾಯಿತು. ನೋಟ್‌ಬುಕ್ ಮಾತ್ರ ಇನ್ನೂ ಅವರ ಹಳೇ ಮೇಜಿನ ಡ್ರಾಯರ್‌ನಲ್ಲೇ ಇದೆ. ಈಗ ಅದರಲ್ಲಿ ಬೇರೆಯವರ ಕೈಬರಹವೂ ಸೇರಿದೆ.