ಅಲಂಕಾರ, ತರ್ಕ ಕಲಿಸಲು ಪದಬಂಧ ಉಪಯೋಗಕ್ಕೆ ಬರುತ್ತದೆಯೇ?

ಹತ್ತನೆಯ ತರಗತಿಯವರಿಗೆ ಕಾವ್ಯದ ಅಲಂಕಾರಗಳನ್ನೂ ಚರ್ಚಾಸ್ಪರ್ಧೆಗೆ ಹೋಗುವ ಮಕ್ಕಳಿಗೆ ವಾದದ ಪಾರಿಭಾಷಿಕ ಪದಗಳನ್ನೂ ಪದಬಂಧದ ಮೂಲಕ ಕಲಿಸಬಹುದೇ, ಇಲ್ಲ ಅದು ಹೊತ್ತು ಕಳೆಯುವ ಆಟವೇ ಎಂದು ಕೇಳಿದ್ದೀರಿ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವವನು. ಕಲಿಸಬಹುದು. ಆದರೆ ನಾನು ಮೊದಲ ಸಲ ಮಾಡಿದ ಹಾಗೆ ಮಾಡಿದರೆ ಹೊತ್ತೂ ಹೋಗುತ್ತದೆ, ತಪ್ಪು ಪಾಠವೂ ತಲೆಗೆ ಹೋಗುತ್ತದೆ.

ಆ ಸಲ ವ್ಯಾಕರಣ ಪುಸ್ತಕದ ಲಕ್ಷಣಗಳನ್ನೇ ಕತ್ತರಿಸಿ ಸುಳಿವುಗಳನ್ನಾಗಿ ಕೊಟ್ಟಿದ್ದೆ. 'ಎರಡು ವಸ್ತುಗಳ ಹೋಲಿಕೆ', 'ಎರಡಕ್ಕೂ ಭೇದವಿಲ್ಲವೆನ್ನುವುದು' ಹೀಗೆ. ಅರ್ಧ ಗಂಟೆಯೊಳಗೆ ಎಲ್ಲರ ಹಾಳೆಯೂ ತುಂಬಿತು, ನನಗೂ ಹಿಗ್ಗು. ವಾರ ಕಳೆದು ಕಿರುಪರೀಕ್ಷೆ ಕೊಟ್ಟಾಗ ಒಬ್ಬ ಹುಡುಗ 'ಅವನ ಕೂಗಿಗೆ ಆಕಾಶವೇ ಬಿರಿಯಿತು' ಎಂಬುದನ್ನು ಉತ್ಪ್ರೇಕ್ಷಾಲಂಕಾರ ಎಂದು ಬರೆದ. ಅವನ ಹಿಂದೆ ಅರ್ಧ ತರಗತಿಯೇ ಇತ್ತು. ಅವರದು ತಪ್ಪಲ್ಲ. ಉತ್ಪ್ರೇಕ್ಷೆಗೆ ನಾನೇ ಕೊಟ್ಟ ಸುಳಿವು 'ಇದ್ದುದಕ್ಕಿಂತ ಹೆಚ್ಚಿಸಿ ಹೇಳುವುದು (3)' ಎಂದಿತ್ತು! ದಿನಪತ್ರಿಕೆಯ ಕನ್ನಡದಲ್ಲಿ ಅದು ಸರಿ, ಅಲಂಕಾರಶಾಸ್ತ್ರದಲ್ಲಿ ಅದು ಅತಿಶಯೋಕ್ತಿಯ ಹಾದಿ. ಉತ್ಪ್ರೇಕ್ಷೆಯೆಂದರೆ ಒಂದನ್ನು ಇನ್ನೊಂದಾಗಿ ಸಂಭಾವಿಸುವುದು. ಅಚ್ಛೋದ ಸರೋವರವನ್ನು ಕಂಡು, ಮೂರು ಲೋಕದ ಲಕ್ಷ್ಮಿ ಮುಖ ನೋಡಿಕೊಳ್ಳಲು ಮಾಡಿಸಿಕೊಂಡ ಕನ್ನಡಿಯೋ ಇದು ಎಂದುಕೊಳ್ಳುವುದು. ಪಾಠ ಮಾಡುವಾಗ ಈ ಭೇದವನ್ನು ನೂರು ಸಲ ಹೇಳಿದವನು ಸುಳಿವು ಬರೆಯುವಾಗ ಮರೆತೆ.

ಆಗ ಹೊಳೆದದ್ದೇ ಈ ಉತ್ತರದ ತಿರುಳು. ನಮ್ಮ ಅಲಂಕಾರ, ತರ್ಕಗಳ ಪದಗಳಲ್ಲಿ ಬಹಳಷ್ಟು ಮಕ್ಕಳಿಗೆ ಗೊತ್ತಿಲ್ಲದವಲ್ಲ. ಬೇರೆ ಅರ್ಥದಲ್ಲಿ ಚೆನ್ನಾಗಿ ಗೊತ್ತಿರುವವು. ಪ್ರತಿಜ್ಞೆ ಎಂದೊಡನೆ ಅವರ ಕಣ್ಣೆದುರು ಭೀಷ್ಮ ನಿಲ್ಲುತ್ತಾನೆ. ವ್ಯಾಪ್ತಿ ಎಂದರೆ ಪೊಲೀಸ್ ಠಾಣೆಯದು. ಛಲ ಎಂದರೆ ದುರ್ಯೋಧನ. ಗೊತ್ತಿಲ್ಲದ ಪದವನ್ನು ಕಲಿಸುವುದು ಸುಲಭ, ಗೊತ್ತಿರುವ ಪದದ ಪಕ್ಕದಲ್ಲಿ ಎರಡನೆಯ ಅರ್ಥವನ್ನು ಕೂರಿಸುವುದು ಕಷ್ಟ. ಆ ಕೆಲಸಕ್ಕೆ ಪದಬಂಧದಂತಹ ಸಾಧನ ಇನ್ನೊಂದಿಲ್ಲ, ಏಕೆಂದರೆ ಒಳ್ಳೆಯ ಸುಳಿವು ಬದುಕುವುದೇ ಎರಡು ಅರ್ಥಗಳ ನಡುವೆ.

ಈಗ ನಾನು ಕೊಡುವ ಸುಳಿವುಗಳು ಹೀಗಿರುತ್ತವೆ. 'ಭೀಷ್ಮ ಮಾಡಿದ್ದು, ವಾದಿ ಮೊಟ್ಟಮೊದಲು ಮುಂದಿಡುವುದು (3)'. 'ದುರ್ಯೋಧನನಿಗೆ ಭೂಷಣ, ವಾದಿಗೆ ದೂಷಣ (2)'. 'ಠಾಣೆಗೂ ಇದೆ, ಹೊಗೆ ಬೆಂಕಿಗಳ ನಂಟಿಗೂ ಇದೆ (2)'. ಉತ್ಪ್ರೇಕ್ಷೆಗೆ: 'ಸುದ್ದಿಯಲ್ಲಿ ಬಣ್ಣ ಕಟ್ಟುವುದು, ಕಾವ್ಯದಲ್ಲಿ ಇದು ಅದೋ ಎನ್ನುವುದು (3)'. ಒಂದು ಅರ್ಥ ಬಾಗಿಲು ತೆರೆಯುತ್ತದೆ, ಇನ್ನೊಂದನ್ನು ಅವರು ಒಳಗೆ ಹೋಗಿ ಕಾಣಬೇಕು.

ಶ್ಲೇಷಕ್ಕೆ ಲಕ್ಷಣವನ್ನು ಕೊಡುವುದೇ ಇಲ್ಲ. ನಾಲ್ಕನೆಯ ಸುಳಿವು 'ಹೊಳೆದಂಡೆಯಲ್ಲಿ ಹಾಸಿದ್ದು, ಹೊರಟುಹೋದವನಿಗೆ ಹೇಳಿದ್ದು (3)'. ಉತ್ತರ, ಮರಳು. ಐದನೆಯದು 'ನಾಲ್ಕನೆಯದನ್ನು ಬಿಡಿಸುವಾಗ ನೀವು ಕಂಡ ಅಲಂಕಾರ (2)'. ಉಸುಕು ಎಂದು ಮೂರು ಮನೆ ತುಂಬಿ, ಅಡ್ಡಪದ ಕೂಡದೆ ಅಳಿಸಿ, ಮತ್ತೆ ಯೋಚಿಸಿ, 'ಓ, ಮರಳಿ ಬಾ ಎಂಬ ಮರಳು!' ಎಂದು ಒಬ್ಬಳು ಕೂಗಿದ ಗಳಿಗೆಯಲ್ಲಿ ಶ್ಲೇಷದ ಪಾಠ ಮುಗಿದಿತ್ತು. ಕಪ್ಪುಹಲಗೆಯ ಮೇಲೆ ನಾನು ಬರೆಯುವುದೇನೂ ಉಳಿದಿರಲಿಲ್ಲ.

ಇನ್ನು ಮನೆ ಕಟ್ಟುವ ಕೆಲಸ. 1913ರ ಡಿಸೆಂಬರಿನಲ್ಲಿ ಆರ್ಥರ್ ವಿನ್ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಗೆ ಮಾಡಿಕೊಟ್ಟ ಪದಬಂಧದಲ್ಲಿ ಮನೆಗೊಂದು ಇಂಗ್ಲಿಷ್ ಅಕ್ಷರ ಕೂತರೆ ಮುಗಿಯಿತು. ನಮ್ಮಲ್ಲಿ ಕಾಗುಣಿತ, ಒತ್ತು, ಸೊನ್ನೆ ಎಲ್ಲವೂ ಒಂದೇ ಮನೆಯೊಳಗೆ ಸಂಸಾರ ಮಾಡಬೇಕು. ದೃಷ್ಟಾಂತ ಎಂದರೆ ದೃ, ಷ್ಟಾಂ, ತ, ಮೂರೇ ಮನೆ. ಇಂಗ್ಲಿಷಿಗೆಂದು ಮಾಡಿದ ತಂತ್ರಾಂಶಕ್ಕೆ ಅದನ್ನು ಕೊಟ್ಟಾಗ ಎಂಟು ಮನೆಗಳಿಗೆ ಚೆಲ್ಲಿ, ವಟ್ರಸುಳಿಗೊಂದು, ಸೊನ್ನೆಗೊಂದು ಬೇರೆ ಬೇರೆ ಮನೆ ಮಾಡಿಕೊಟ್ಟಿತು. ಚೌಕುಳಿ ಹಾಳೆ, ಪೆನ್ಸಿಲ್, ರಬ್ಬರ್ ಸಾಕು. ಕಂಪ್ಯೂಟರ್ ಬೇಕೇ ಬೇಕೆಂದರೆ ಎಕ್ಸೆಲ್‌ನಲ್ಲಿ ಚೌಕಗಳನ್ನು ಹಾಕಿ ಕೈಯಿಂದಲೇ ತುಂಬಿ.

ಒತ್ತಕ್ಷರದ ಪದಗಳು ಅಡ್ಡಪದಕ್ಕೆ ಬಗ್ಗುವುದಿಲ್ಲ. ಉತ್ಪ್ರೇಕ್ಷೆಯ ನಡುವಿನ 'ತ್ಪ್ರೇ' ಇರುವ ಇನ್ನೊಂದು ಪದಕ್ಕಾಗಿ ಒಂದು ಸಂಜೆಯನ್ನೇ ಹಾಳು ಮಾಡಿದ್ದೇನೆ. ಅದರ ಎರಡು ತುದಿಗಳನ್ನು ಹಿಡಿಯಿರಿ: 'ಉ'ದಿಂದ ಉಪಮಾನ ಕೆಳಗಿಳಿಯುತ್ತದೆ, 'ಕ್ಷೆ'ಗೆ ಮೇಲಿನಿಂದ ಪರೀಕ್ಷೆ ಬಂದು ಕೂರುತ್ತದೆ. ದೃಷ್ಟಾಂತದ 'ತ' ಅರ್ಥಾಂತರನ್ಯಾಸದ 'ತ'ದ ಮೇಲೆ ಸರಿಯಾಗಿ ಕೂರುತ್ತದೆ. ಮಕ್ಕಳು ಗುಲಗಂಜಿಯಷ್ಟೂ ಭೇದ ಕಾಣದೆ ಅದಲುಬದಲು ಮಾಡುವ ಜೋಡಿಯೇ ಅದು, ಹಾಗಾಗಿ ಅಲ್ಲೇ ಅಡ್ಡ ಹಾಯಿಸುತ್ತೇನೆ. ದೃಷ್ಟಾಂತಕ್ಕೆ 'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬುದೇ ಸುಳಿವು. ಅರ್ಥಾಂತರನ್ಯಾಸಕ್ಕೆ ಒಂದು ಘಟನೆ ಹೇಳಿ ಅದರ ಬೆನ್ನಿಗೆ ಲೋಕಸತ್ಯವೊಂದನ್ನು ಕೊಟ್ಟ ಸಾಲು. ಉಪಮಾ, ಉಪಮೆ, ಶ್ಲೇಷ, ಶ್ಲೇಷೆ ಎಂಬ ರೂಪಗಳಲ್ಲಿ ಯಾವುದು ನಿಮ್ಮದು ಎಂದು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಜಗಳ ಖಂಡಿತ.

ಚರ್ಚಾಸ್ಪರ್ಧೆಯ ಮಕ್ಕಳಿಗೆ ನ್ಯಾಯಶಾಸ್ತ್ರದ (ಕೋರ್ಟಿನದಲ್ಲ, ನಮ್ಮ ಹಳೆಯ ತರ್ಕಶಾಸ್ತ್ರದ) ಐದು ಅವಯವಗಳನ್ನೇ, ಅಂದರೆ ವಾದದ ಐದು ಮೆಟ್ಟಿಲುಗಳನ್ನೇ ಕೊಡುತ್ತೇನೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಅದೇ ಕ್ರಮದಲ್ಲಿ: ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಕಾಣುತ್ತಿದೆಯಲ್ಲ, ಅಡುಗೆಮನೆಯ ಹಾಗೆ ಹೊಗೆಯಿದ್ದಲ್ಲಿ ಬೆಂಕಿ (ಈ ನಂಟೇ ವ್ಯಾಪ್ತಿ), ಇಲ್ಲೂ ಅಂತಹದೇ ಹೊಗೆ, ಆದ್ದರಿಂದ ಬೆಂಕಿ. ಆಮೇಲೆ ವಾದ (ಸತ್ಯ ತಿಳಿಯಲು ಆಡುವುದು), ಜಲ್ಪ (ತನ್ನ ಪಕ್ಷ ಹಿಡಿದು ಗೆಲ್ಲಲೆಂದೇ ಆಡುವುದು), ವಿತಂಡ (ತನ್ನ ಪಕ್ಷವೇ ಇಲ್ಲದೆ ಎದುರಾಳಿಯದನ್ನು ಕೆಡವುವುದು). ಹೇತ್ವಾಭಾಸಗಳ, ಅಂದರೆ ಹೇತುವಿನಂತೆ ಕಂಡರೂ ಹೇತುವಲ್ಲದವುಗಳ ಪಟ್ಟಿಯಲ್ಲಿ ಸವ್ಯಭಿಚಾರ ಎಂಬುದೊಂದು ಬರುತ್ತದೆ, ಸಾಧಿಸಬೇಕಾದದ್ದು ಇಲ್ಲದ ಕಡೆಯಲ್ಲೂ ಸಿಗುವ ಹೇತು. ಹದಿನೈದು ವರ್ಷದವರ ತರಗತಿಯಲ್ಲಿ ಆ ಪದ ಉಚ್ಚರಿಸಿದರೆ ಆ ದಿನದ ಪಾಠ ಮುಗಿದಂತೆ. ಅದಕ್ಕೆ ಅನೈಕಾಂತಿಕ ಎಂಬ ಇನ್ನೊಂದು ಹೆಸರಿದೆ, ಐದು ಮನೆ, ಅದನ್ನೇ ಹಾಕಿ.

ಶ್ಲೇಷಕ್ಕೂ ಛಲಕ್ಕೂ (ತರ್ಕದಲ್ಲಿ ಛಲವೆಂದರೆ ಎದುರಾಳಿಯ ಮಾತಿಗೆ ಬೇರೆ ಅರ್ಥ ಹಚ್ಚಿ ತಿರುಚುವುದು) ಇರುವ ನಂಟನ್ನು ಮಾತ್ರ ಅವಸರದಲ್ಲಿ ದಾಟಿಬಿಡಬೇಡಿ. 'ಅವನದು ನವಕಂಬಳಿ' ಎಂದರೆ ಎದುರಾಳಿ 'ಒಂಬತ್ತೆಲ್ಲಿವೆ, ಒಂದೇ ಇದೆಯಲ್ಲ' ಎನ್ನುವುದು ನೈಯಾಯಿಕರ ಹಳೆಯ ಉದಾಹರಣೆ, ವಾಕ್ಛಲ. 'ಊರಿಗೆ ಊರೇ ಮಲಗಿತ್ತು' ಎಂದವನನ್ನು 'ಗೋಡೆಗಳು ಮಲಗುತ್ತವೆಯೇ' ಎಂದು ಕೆಣಕಿದರೆ ಉಪಚಾರಛಲ. ಕವಿ ಮಾಡಿದರೆ ಚಪ್ಪಾಳೆ ಬೀಳುವ ಕೈಚಳಕವೇ ವಾದದಲ್ಲಿ ಮೋಸ. ನಮ್ಮ ಮಕ್ಕಳು ವೇದಿಕೆಯ ಮೇಲೆ ದಿನಾ ಇದನ್ನೇ ಮಾಡಿ ಬಹುಮಾನ ತರುತ್ತಾರೆ ಎಂಬುದು ಬೇರೆ ಮಾತು.

ಆಟವೂ ಅಲಂಕಾರವೂ ಒಟ್ಟಿಗೆ ಹೋಗುತ್ತವೆಯೇ ಎಂದು ಮುಖ್ಯೋಪಾಧ್ಯಾಯರು ಹುಬ್ಬೇರಿಸಿದರೆ ಸಂಸ್ಕೃತದ ಹಳೆಯ ಅಲಂಕಾರಶಾಸ್ತ್ರಜ್ಞ ದಂಡಿಯ ಹೆಸರು ಹೇಳಿ. ಕಾವ್ಯಾದರ್ಶದಲ್ಲಿ ಯಮಕ, ಚಿತ್ರಬಂಧಗಳ ಜೊತೆಗೆ ಒಗಟುಗಳಿಗೂ ಆತ ಜಾಗ ಕೊಟ್ಟಿದ್ದಾನೆ, ವಿನೋದಗೋಷ್ಠಿಗೆ ಅವು ಒದಗುತ್ತವೆಂದೂ ಹೇಳಿದ್ದಾನೆ. ನಮ್ಮ ಕವಿರಾಜಮಾರ್ಗ ನಡೆದದ್ದು ಅವನ ಜಾಡಿನಲ್ಲೇ.

ಕೊನೆಗೆ, ಸುಳಿವುಗಳನ್ನು ಎಲ್ಲ ಸಲವೂ ನೀವೇ ಬರೆಯಬೇಡಿ. ಎರಡನೆಯ ವಾರ ತುಂಬಿದ ಪದಬಂಧವನ್ನೇ ಕೊಟ್ಟು ಸುಳಿವುಗಳನ್ನು ಅವರಿಂದ ಬರೆಸಿ, ಪಕ್ಕದ ಬೆಂಚಿನವರಿಂದ ಬಿಡಿಸಿ. ಶಾಲೆಗೆ ಮೊಬೈಲ್ ತರಬಹುದೇ ಎಂಬ ಚರ್ಚೆಯ ವಾರದಲ್ಲಿ ಒಬ್ಬಳು ಅನೈಕಾಂತಿಕಕ್ಕೆ ಬರೆದದ್ದು ಇದು: 'ಮೊಬೈಲ್ ಇದ್ದದ್ದಕ್ಕೇ ಅವನು ನಪಾಸಾದ ಎಂದರು, ಮೊದಲ ಸ್ಥಾನದವಳ ಚೀಲದಲ್ಲೂ ಒಂದಿತ್ತು (5)'. ವಿತಂಡಕ್ಕೆ ಅವಳ ಗೆಳತಿ ಬರೆದದ್ದು: 'ತನ್ನದೇನೆಂದು ಹೇಳದೆ ನಮ್ಮದೆಲ್ಲ ತಪ್ಪು ಎನ್ನುವ ಅಣ್ಣನ ಮಾತು (3)'. ಮರುದಿನ ಆ ಅಣ್ಣ ಶಾಲೆಯ ಬಾಗಿಲಿಗೆ ಬಂದು, ಅದು ವಿತಂಡವಲ್ಲ, ಜಲ್ಪ ಎಂದು ನನ್ನೊಡನೆ ವಾದಕ್ಕೆ ನಿಂತ.